ಕಳಿಸಿದ ದುಡ್ಡು ತಲುಪದಿದ್ದರೆ ಬ್ಯಾಂಕನ್ನು ಏನು ಕೇಳಬೇಕು, ಹೇಗೆ ಕೇಳಬೇಕು

2024ರ ಜನವರಿ 9, ಮಂಗಳವಾರ. ಸಂಕ್ರಾಂತಿಗೆ ಇನ್ನು ಆರೇ ದಿನ. ಪಾಂಡವಪುರದ ಹತ್ತಿರ ಆಲೆಮನೆ ನಡೆಸುವ ನನ್ನ ಅಣ್ಣನ ಮಗ ಬೆಳಗ್ಗೆ ಏಳೂವರೆಗೇ ಮೈಸೂರಿನ ಕುವೆಂಪುನಗರದ ನಮ್ಮ ಮನೆ ಬಾಗಿಲಿಗೆ ಬಂದು ನಿಂತಿದ್ದ. ಒಂದು ಕೈಯಲ್ಲಿ ಅಚ್ಚುಬೆಲ್ಲದ ಚೀಲ, ಇನ್ನೊಂದು ಕೈಯಲ್ಲಿ ಮೊಬೈಲು.

"ಅತ್ತೆ, ಒಂದು ಲಕ್ಷದ ನಲವತ್ತಾರು ಸಾವಿರ ಎಲ್ಲೋ ಹೋಯ್ತು ಕಣತ್ತೆ" ಅಂದ.

ಬೆಲ್ಲ ಕೊಂಡ ಮಂಡ್ಯದ ವ್ಯಾಪಾರಿ ಶುಕ್ರವಾರ ಬೆಳಗ್ಗೆ 11.20ಕ್ಕೆ ನೆಫ್ಟ್ ಮಾಡಿದ್ದರು, ಅಂದರೆ ತಮ್ಮ ಬ್ಯಾಂಕಿನಿಂದ ಇವನ ಬ್ಯಾಂಕಿನ ಖಾತೆಗೆ ದುಡ್ಡು ಕಳಿಸಿದ್ದರು. ಅವರ ಖಾತೆಯಿಂದ ದುಡ್ಡು ಕಡಿತವಾದ ಮೆಸೇಜು ಇವನ ವಾಟ್ಸಾಪ್‌ಗೆ ಬಂದಿತ್ತು. ಇವನ ಖಾತೆಗೆ ಮಾತ್ರ ಒಂದು ರೂಪಾಯಿಯೂ ಬಂದಿರಲಿಲ್ಲ. ಶನಿವಾರ ತನ್ನ ಬ್ಯಾಂಕಿಗೆ ಹೋದರೆ "ಸರ್ವರ್ ಡೌನ್, ಸೋಮವಾರ ಬನ್ನಿ" ಅಂದರಂತೆ. ಸೋಮವಾರ ಹೋದರೆ "ಕಳಿಸಿದವರ ಬ್ಯಾಂಕಲ್ಲಿ ಕೇಳಿ" ಅಂದರಂತೆ. ವ್ಯಾಪಾರಿಯ ಬ್ಯಾಂಕಿನವರು "ನಮ್ಮಿಂದ ಹೋಗಿದೆ, ನಮ್ಮ ಕೆಲಸ ಮುಗೀತು" ಅಂದರಂತೆ. ಕಬ್ಬು ಕಡಿಯುವವರಿಗೆ ಹಬ್ಬದ ಮುಂಚೆ ಬಟವಾಡೆ ಮಾಡಬೇಕು. ಹುಡುಗನ ಮುಖ ಒಣಗಿ ಹೋಗಿತ್ತು.

ನಾನು 33 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ಮಂಡ್ಯ, ಮದ್ದೂರು, ಕೊನೆಗೆ ಮೈಸೂರು. ಹೆಚ್ಚು ಕಾಲ ಕೌಂಟರಿನಲ್ಲೇ ಕೂತಿದ್ದೆ. "ನಾಳೆ ಬನ್ನಿ" ಅನ್ನುವ ಮಾತು ಎಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ಅಂತ ನನಗೆ ಗೊತ್ತು. ಆ ಮಾತು ಕೇಳಿ ಬಸ್ ಹತ್ತಿ ವಾಪಸ್ ಹೋಗುವವರ ಒಂದು ದಿನದ ಕೂಲಿ ಹೋಗುತ್ತದೆ ಅನ್ನುವುದೂ ಗೊತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ದುಡ್ಡು ಕಳಿಸುವ ವಿಷಯದಲ್ಲಿ ಬ್ಯಾಂಕು ಇಷ್ಟು ಗಂಟೆಯೊಳಗೆ ಇಂಥದ್ದು ಮಾಡಲೇಬೇಕು ಅಂತ ನಿಯಮ ಇದೆ. ಆ ಗಂಟೆ ಗೊತ್ತಿದ್ದು, ನೀವು ಕಾಗದದಲ್ಲಿ ಬರೆದು ಕೇಳಿದರೆ ಉತ್ತರ ಬೇರೆಯೇ ಬರುತ್ತದೆ.

ಮೊದಲು ಒಂದು ತಿಳುವಳಿಕೆ. ಖಾತೆಯಲ್ಲಿರುವ ನಿಮ್ಮ ದುಡ್ಡು ಬ್ಯಾಂಕಿನ ಪೆಟ್ಟಿಗೆಯಲ್ಲಿ ನಿಮ್ಮ ಹೆಸರು ಬರೆದು ಇಟ್ಟ ಗಂಟಲ್ಲ. ಕಾನೂನಿನ ಲೆಕ್ಕದಲ್ಲಿ ಅದು ಬ್ಯಾಂಕು ನಿಮಗೆ ಕೊಡಬೇಕಾದ ಸಾಲ. ನೀವು ಚೆಕ್ ಬರೆದರೂ, ನೆಫ್ಟ್ ಫಾರಂ ತುಂಬಿದರೂ, ಮೊಬೈಲಿನಲ್ಲಿ ಒತ್ತಿದರೂ ಸಾಲಗಾರನಿಗೆ ಒಂದು ಆದೇಶ ಕೊಟ್ಟಂತೆ: "ನನಗೆ ಕೊಡಬೇಕಾದ್ದರಲ್ಲಿ ಇಷ್ಟನ್ನು ಇವರಿಗೆ ಕೊಡು." ಖಾತೆಯಲ್ಲಿ ದುಡ್ಡಿದ್ದು, ಆದೇಶ ಸರಿಯಾಗಿದ್ದರೆ ಬ್ಯಾಂಕು ಪಾಲಿಸಬೇಕು. ಚೆಕ್ಕಿನ ಮಟ್ಟಿಗೆ ಇದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 31ನೇ ಸೆಕ್ಷನ್ನಿನಲ್ಲೇ ಇದೆ. ದುಡ್ಡಿದ್ದೂ ಸರಿಯಾದ ಚೆಕ್ಕನ್ನು ಪಾಸು ಮಾಡದಿದ್ದರೆ, ಚೆಕ್ ಬರೆದವರಿಗೆ ಆದ ನಷ್ಟವನ್ನು ಬ್ಯಾಂಕು ಕಟ್ಟಿಕೊಡಬೇಕು.

ಇದರ ಇನ್ನೊಂದು ಮುಖವೂ ಅಷ್ಟೇ ಮುಖ್ಯ. ನೀವು ಆದೇಶ ಕೊಡದೆ ಬ್ಯಾಂಕು ದುಡ್ಡು ಕೊಟ್ಟುಬಿಟ್ಟರೆ ಆ ನಷ್ಟ ಬ್ಯಾಂಕಿನದು. 1987ರಲ್ಲಿ ಸುಪ್ರೀಂ ಕೋರ್ಟು ಕೆನರಾ ಸೇಲ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿತು. ಕಂಪನಿಯ ಲೆಕ್ಕ ನೋಡುತ್ತಿದ್ದವನೇ ಫೋರ್ಜರಿ ಸಹಿ ಹಾಕಿ ಚೆಕ್ಕುಗಳನ್ನು ಪಾಸು ಮಾಡಿಸಿಕೊಂಡಿದ್ದ. "ಗ್ರಾಹಕರು ಪಾಸ್‌ಬುಕ್ ನೋಡಿಕೊಳ್ಳಬೇಕಿತ್ತು, ವರ್ಷಗಟ್ಟಲೆ ಸುಮ್ಮನಿದ್ದರು" ಅಂತ ಬ್ಯಾಂಕು ವಾದ ಮಾಡಿತು. ಕೋರ್ಟು ಒಪ್ಪಲಿಲ್ಲ. ಫೋರ್ಜರಿ ಸಹಿಯ ಚೆಕ್ಕು ಆದೇಶವೇ ಅಲ್ಲ ಅಂದಿತು. ನಾವು ಕೌಂಟರಿನಲ್ಲಿದ್ದವರು ಸಹಿಯ ಕಾರ್ಡನ್ನು ಕಣ್ಣಿಗೆ ಹಿಡಿದು ಹಿಡಿದು ನೋಡುತ್ತಿದ್ದದ್ದು ಸುಮ್ನೆ ಅಲ್ಲ.

ಗಂಟೆಯ ಲೆಕ್ಕ

ನೆಫ್ಟ್ ನಡೆಸುವುದು ರಿಸರ್ವ್ ಬ್ಯಾಂಕು. 2019ರ ಡಿಸೆಂಬರ್ 16ರಿಂದ ಇದು ಹಗಲು ರಾತ್ರಿ, ಭಾನುವಾರ, ಹಬ್ಬ ಅನ್ನದೆ ನಡೆಯುತ್ತದೆ. ಬಂದ ಆದೇಶಗಳನ್ನೆಲ್ಲ ಸೇರಿಸಿ ಅರ್ಧ ಗಂಟೆಗೊಂದು ಬ್ಯಾಚು, ದಿನಕ್ಕೆ 48 ಬ್ಯಾಚು. ಬ್ಯಾಚು ಇತ್ಯರ್ಥವಾದ ಎರಡು ಗಂಟೆಯೊಳಗೆ ದುಡ್ಡು ಪಡೆಯುವವರ ಬ್ಯಾಂಕು ಎರಡರಲ್ಲಿ ಒಂದು ಮಾಡಬೇಕು. ಖಾತೆಗೆ ಜಮೆ ಮಾಡಬೇಕು, ಇಲ್ಲವೇ ಕಳಿಸಿದ ಬ್ಯಾಂಕಿಗೆ ವಾಪಸ್ ಮಾಡಬೇಕು. ಕೈಯಲ್ಲಿ ಇಟ್ಟುಕೊಂಡು ಕೂರುವ ಮೂರನೇ ದಾರಿ ಇಲ್ಲ.

ನನ್ನ ಅಳಿಯನ ಲೆಕ್ಕಕ್ಕೇ ಇದನ್ನು ಹಚ್ಚಿ ನೋಡಿ. 11.20ಕ್ಕೆ ಕಳಿಸಿದ್ದು ಹನ್ನೊಂದೂವರೆಯ ಬ್ಯಾಚಿಗೆ ಸೇರಿತು ಅಂದುಕೊಳ್ಳೋಣ. ಮಧ್ಯಾಹ್ನ ಒಂದೂವರೆಗೆ ಇವನ ಖಾತೆಯಲ್ಲಿ ಇರಬೇಕಿತ್ತು, ಅಥವಾ ವ್ಯಾಪಾರಿಗೆ ವಾಪಸ್ ಹೊರಟಿರಬೇಕಿತ್ತು. ಇವನು ನಮ್ಮ ಮನೆಗೆ ಬಂದದ್ದು ನಾಲ್ಕನೇ ದಿನ.

ತಡವಾದರೆ ಬಡ್ಡಿ ಕೊಡಬೇಕು. ರಿಸರ್ವ್ ಬ್ಯಾಂಕಿನ ರೆಪೊ ದರ (ಅದು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರ), ಅದರ ಮೇಲೆ ಶೇಕಡಾ 2. ಎಷ್ಟು ದಿನ ತಡವೋ ಅಷ್ಟು ದಿನಕ್ಕೆ. ಗ್ರಾಹಕರು ಕೇಳುವವರೆಗೂ ಕಾಯದೆ ಬ್ಯಾಂಕೇ ತಾನಾಗಿ ಕೊಡಬೇಕು ಅಂತ ನಿಯಮ. ಹಾಗೆ ತಾನಾಗಿ ಬಂದದ್ದನ್ನು ನಾನು ನೋಡಿದ್ದು ಕಡಿಮೆ. ಆದ್ದರಿಂದ ಕೇಳಿ. ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಎರಡು ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಮೊತ್ತಕ್ಕೆ ಆರ್‌ಟಿಜಿಎಸ್. ಇದು 2020ರ ಡಿಸೆಂಬರ್ 14ರಿಂದ ದಿನದ 24 ಗಂಟೆಯೂ ಇದೆ. ಇಲ್ಲಿ ಬ್ಯಾಚು ಇಲ್ಲ, ಒಂದೊಂದಾಗಿ ಆಗಲೇ ಇತ್ಯರ್ಥ. ಬಂದ 30 ನಿಮಿಷದಲ್ಲಿ ಜಮೆ ಆಗಬೇಕು. ಜಮೆ ಮಾಡಲಾಗದಿದ್ದರೆ ಒಂದು ಗಂಟೆಯೊಳಗೆ ವಾಪಸ್ ಕಳಿಸಬೇಕು. ಮೈಸೂರಿನಲ್ಲಿ ಸೈಟು ಕೊಳ್ಳುವವರು ರಿಜಿಸ್ಟ್ರೇಷನ್ ದಿನ ಸಬ್ ರಿಜಿಸ್ಟ್ರಾರ್ ಆಫೀಸಿನ ಹೊರಗೆ ನಿಂತು "ಆರ್‌ಟಿಜಿಎಸ್ ಬಂತಾ, ಬಂತಾ" ಅಂತ ಮಾರುವವರನ್ನು ಕೇಳುತ್ತಿರುವುದನ್ನು ನೋಡಿದ್ದೇನೆ. ಅವರಿಗೆ ನನ್ನ ಮಾತು ಒಂದೇ. ಒಮ್ಮೆ ಹೋದ ಆರ್‌ಟಿಜಿಎಸ್ ತಿರುಗಿ ಬರುವುದಿಲ್ಲ, ನಡುವೆ ತಡೆಯಲೂ ಆಗುವುದಿಲ್ಲ. ಪತ್ರ ಸರಿ ಇದೆ ಅಂತ ವಕೀಲರು ಹೇಳಿದ ಮೇಲೇ ಬ್ಯಾಂಕಿಗೆ ಆದೇಶ ಕೊಡಿ. ಯುಟಿಆರ್ ನಂಬರನ್ನು ಕ್ರಯಪತ್ರದಲ್ಲಿ ಬರೆಸಿ.

ಯುಟಿಆರ್ ಅಂದರೆ ಆ ಒಂದು ವರ್ಗಾವಣೆಯ ಗುರುತಿನ ಸಂಖ್ಯೆ. ನೆಫ್ಟ್‌ಗೆ 16 ಅಕ್ಷರ-ಅಂಕಿ, ಆರ್‌ಟಿಜಿಎಸ್‌ಗೆ 22. ದುಡ್ಡು ಎಲ್ಲಿದೆ ಅಂತ ಹುಡುಕಲು ಇದೇ ಹಿಡಿ. ಇದಿಲ್ಲದೆ ಬ್ಯಾಂಕಿಗೆ ಹೋದರೆ ಟಿಕೆಟ್ ಇಲ್ಲದೆ ಲಗೇಜ್ ಕೇಳಿದ ಹಾಗೆ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸುತ್ತೇನೆ. "ನಿಮ್ಮ ಖಾತೆಯಿಂದ ಕಡಿತವಾಗಿದೆ" ಅನ್ನುವ ಮೆಸೇಜು ಬೇರೆ, "ಅವರ ಖಾತೆಗೆ ಜಮೆಯಾಗಿದೆ" ಅನ್ನುವ ಮೆಸೇಜು ಬೇರೆ. ಆ ಕಡೆ ಜಮೆಯಾದ ಮೇಲೆ ಕಳಿಸಿದವರಿಗೆ ಎರಡನೆಯದು ಬರಬೇಕು. ಮಂಡ್ಯದ ವ್ಯಾಪಾರಿಯ ಫೋನಿನಲ್ಲಿ ಮೊದಲನೆಯದು ಮಾತ್ರ ಇತ್ತು. ಅದನ್ನು ನೋಡಿದಾಗಲೇ ನನಗೆ ಸಮಸ್ಯೆ ನಮ್ಮ ಹುಡುಗನ ಬ್ಯಾಂಕಿನ ಕಡೆ ಇದೆ ಅನ್ನಿಸಿತು.

ಫೋನ್‌ನಲ್ಲಿ ಕಳಿಸುವ ಯುಪಿಐ, ಐಎಂಪಿಎಸ್‌ಗೆ ಬೇರೆ ಲೆಕ್ಕ. 2019ರ ಸೆಪ್ಟೆಂಬರ್ 20ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಇದನ್ನು ನಿಗದಿ ಮಾಡಿದೆ. ನಿಮ್ಮ ಖಾತೆಯಿಂದ ಹೋಗಿ, ಅವರಿಗೆ ಸೇರದಿದ್ದರೆ ಮಾರನೇ ದಿನದೊಳಗೆ ದುಡ್ಡು ನಿಮಗೆ ವಾಪಸ್ ಬರಬೇಕು. ಅಂಗಡಿಗೆ ಯುಪಿಐ ಮಾಡಿ ಅಂಗಡಿಯವರಿಗೆ ಖಾತ್ರಿಯಾಗದಿದ್ದರೆ ಐದು ದಿನ ಗಡುವು. ಗಡುವು ದಾಟಿದ ಒಂದೊಂದು ದಿನಕ್ಕೂ 100 ರೂಪಾಯಿ. ಎಟಿಎಂನಲ್ಲಿ ನೋಟು ಬಾರದೆ ಖಾತೆಯಲ್ಲಿ ಕಡಿತವಾದರೂ ಐದು ದಿನ, ಆಮೇಲೆ ದಿನಕ್ಕೆ 100. ಸೋಮವಾರ ತಂಗಿಗೆ ಕಳಿಸಿದ ದುಡ್ಡು ಸಿಕ್ಕಿಹಾಕಿಕೊಂಡು ಶುಕ್ರವಾರ ವಾಪಸ್ ಬಂದರೆ ಮಂಗಳವಾರದ ಗಡುವಿನ ಮೇಲೆ ಮೂರು ದಿನ, 300 ರೂಪಾಯಿ. ದೇವರಾಜ ಮಾರುಕಟ್ಟೆಯಲ್ಲಿ ಹೂವಿಗೆ ಕೊಟ್ಟ 200 ರೂಪಾಯಿ ಸಿಕ್ಕಿಹಾಕಿಕೊಂಡರೂ ದಿನಕ್ಕೆ ನೂರೇ. ಮೊತ್ತ ಚಿಕ್ಕದು ಅಂತ ಪರಿಹಾರ ಚಿಕ್ಕದಾಗುವುದಿಲ್ಲ.

ಫಾರಂ ಬರೆಯುವಾಗ

ಕೌಂಟರಿನಲ್ಲಿ ನಾನು ಕಂಡ ತಪ್ಪುಗಳಲ್ಲಿ ಮುಕ್ಕಾಲು ಭಾಗ ಹುಟ್ಟಿದ್ದು ನಂಬರು ಬರೆಯುವಾಗ. ಮದ್ದೂರಿನಲ್ಲಿದ್ದಾಗ ಸಂತೆ ದಿನ ಒಬ್ಬ ಹೆಂಗಸು ಮಗನ ಹಾಸ್ಟೆಲ್ ಫೀಸು ಕಳಿಸಲು ಬಂದರು. ಜೆರಾಕ್ಸಿನ ಜೆರಾಕ್ಸು ತಂದಿದ್ದರು. ಅದರಲ್ಲಿ 3, 8 ಎರಡೂ ಒಂದೇ ಥರ ಕಾಣುತ್ತಿತ್ತು. ನಾನು ಆ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ, ಪಕ್ಕದವರಿಗೆ ತೋರಿಸಿದೆ. ಅವರು ಎಂಟು ಅಂದರು, ನನಗೆ ಮೂರು ಅನ್ನಿಸಿತು. ಕೊನೆಗೆ ಮಗನಿಗೆ ಫೋನ್ ಮಾಡಿಸಿ, ಮೂರು ಮೂರು ಅಂಕಿಯಾಗಿ ಜೋರಾಗಿ ಹೇಳಿಸಿ, ಒಂದೊಂದಕ್ಕೂ ಪೆನ್ಸಿಲ್ಲಿನಲ್ಲಿ ಟಿಕ್ ಹಾಕಿದೆ. ಹಿಂದೆ ಕ್ಯೂನಲ್ಲಿದ್ದವರು ಗೊಣಗಿದರು. ಆ ಐದು ನಿಮಿಷ ಕೊಟ್ಟದ್ದು ಒಳ್ಳೆಯದಾಯಿತು, ಅದು ಮೂರೇ ಆಗಿತ್ತು.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಎಲೆಕ್ಟ್ರಾನಿಕ್ ವರ್ಗಾವಣೆಯಲ್ಲಿ ದುಡ್ಡು ಜಮೆಯಾಗುವುದು ಖಾತೆ ಸಂಖ್ಯೆಯ ಮೇಲೆ. ಹೆಸರಿನ ಮೇಲಲ್ಲ. ಬರೀ ಸಂಖ್ಯೆ ನೋಡಿ ಜಮೆ ಮಾಡಬಹುದು ಅಂತ ರಿಸರ್ವ್ ಬ್ಯಾಂಕು 2010ರಲ್ಲೇ ಹೇಳಿದೆ. ಸರಿಯಾದ ಸಂಖ್ಯೆ ಕೊಡುವ ಹೊಣೆ ಕಳಿಸುವವರ ಮೇಲೆ. ನೀವು ಎಷ್ಟು ಚೆನ್ನಾಗಿ ಹೆಸರು ಬರೆದಿದ್ದರೂ ನಂಬರು ತಪ್ಪಿದರೆ ದುಡ್ಡು ಇನ್ಯಾರದೋ ಮನೆ ಸೇರುತ್ತದೆ.

ಈಗ ಒಂದು ಒಳ್ಳೆಯ ಅನುಕೂಲ ಬಂದಿದೆ. ನೆಫ್ಟ್, ಆರ್‌ಟಿಜಿಎಸ್ ಎರಡರಲ್ಲೂ ದುಡ್ಡು ಕಳಿಸುವ ಮುಂಚೆಯೇ ಆ ಖಾತೆ ಯಾರ ಹೆಸರಲ್ಲಿದೆ ಅಂತ ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಎಲ್ಲ ಬ್ಯಾಂಕುಗಳೂ ಕೊಡಬೇಕು ಅಂತ ರಿಸರ್ವ್ ಬ್ಯಾಂಕು ಆದೇಶ ಮಾಡಿತು. ಇದಕ್ಕೆ ಶುಲ್ಕ ಇಲ್ಲ. ಮೊಬೈಲಿನಲ್ಲಷ್ಟೇ ಅಲ್ಲ, ಶಾಖೆಗೆ ಹೋಗಿ ಫಾರಂ ಕೊಡುವವರಿಗೂ ಇದು ಸಿಗಬೇಕು. "ಮೇಡಂ, ಹೆಸರು ಏನು ತೋರಿಸ್ತಿದೆ ನೋಡಿ" ಅಂತ ಕೇಳಿ. ಹೆಸರು ಹೊಂದದಿದ್ದರೆ ಅಲ್ಲಿಗೇ ನಿಲ್ಲಿಸಿ.

ಐಎಫ್‌ಎಸ್‌ಸಿ, ಅಂದರೆ ಬ್ಯಾಂಕು ಮತ್ತು ಶಾಖೆಯನ್ನು ಗುರುತಿಸುವ ಕೋಡಿನ ವಿಷಯ. ಒಟ್ಟು 11 ಅಕ್ಷರ-ಅಂಕಿ. ಮೊದಲ ನಾಲ್ಕು ಅಕ್ಷರ ಬ್ಯಾಂಕಿನದು, ಐದನೆಯದು ಯಾವಾಗಲೂ ಸೊನ್ನೆ, ಉಳಿದ ಆರು ಶಾಖೆಯದು. ಐದನೆಯದನ್ನು ಇಂಗ್ಲಿಷಿನ ಓ ಅಂತ ಬರೆಯುವವರು ಬಹಳ ಜನ. ನಮ್ಮ ಮೈಸೂರು-ಮಂಡ್ಯ ಕಡೆ ಇನ್ನೊಂದು ತೊಡಕಿದೆ, ವಿಲೀನ. 1913ರಲ್ಲಿ ಶುರುವಾದ ನಮ್ಮ ಮೈಸೂರು ಬ್ಯಾಂಕು 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಸೇರಿತು. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಸೇರಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಸೇರಿದವು. ಮೈಸೂರಿನಲ್ಲಿ ಕೇಂದ್ರ ಕಚೇರಿ ಇದ್ದ ಕಾವೇರಿ ಗ್ರಾಮೀಣ ಬ್ಯಾಂಕು 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಯಿತು. ಹಳ್ಳಿ ಮನೆಗಳಲ್ಲಿ ಗೋಡೆಗೂಡಿನಲ್ಲಿ ಇಟ್ಟ ಪಾಸ್‌ಬುಕ್ಕುಗಳಲ್ಲಿ ಇವತ್ತಿಗೂ ಹಳೇ ಕೋಡೇ ಇದೆ. ಅದನ್ನು ನೋಡಿ ಯಾರಿಗೂ ಕೊಡಬೇಡಿ. ಶಾಖೆಗೆ ಹೋಗಿ ಹೊಸ ಪಾಸ್‌ಬುಕ್ ಬರೆಸಿಕೊಳ್ಳಿ.

ಫಾರಂ ಕೊಟ್ಟ ಮೇಲೆ ಸೀಲ್ ಹಾಕಿದ ಅರ್ಧ ಚೀಟಿಯನ್ನು ಬಿಸಾಡಬೇಡಿ. ನೀವು ಸರಿಯಾಗಿ ಬರೆದಿದ್ದು, ಟೈಪು ಮಾಡಿದವರು ತಪ್ಪು ಮಾಡಿದ್ದರೆ ಪೂರ್ತಿ ಹೊಣೆ ಬ್ಯಾಂಕಿನದು. ಒಬ್ಬರು ಟೈಪು ಮಾಡುವುದು, ಇನ್ನೊಬ್ಬರು ನೋಡಿ ಪಾಸು ಮಾಡುವುದು ಅಂತ ನಾವು ಇಟ್ಟುಕೊಂಡಿದ್ದದ್ದೇ ಇದಕ್ಕೆ. ಆದರೆ ನೀವು ಏನು ಬರೆದಿದ್ದಿರಿ ಅನ್ನುವುದಕ್ಕೆ ನಿಮ್ಮ ಹತ್ತಿರ ಇರುವ ಸಾಕ್ಷಿ ಆ ಚೀಟಿ. ಸಾಧ್ಯವಾದರೆ ಕೊಡುವ ಮುಂಚೆ ಫಾರಂನ ಫೋಟೋ ತೆಗೆದುಕೊಳ್ಳಿ.

ಬ್ಯಾಂಕು ಆದೇಶ ಪಾಲಿಸದೆ ಇರಬಹುದಾದ ಸಂದರ್ಭಗಳೂ ಇವೆ. ದುಡ್ಡು ಸಾಲದಿದ್ದರೆ, ಕೋರ್ಟು ಅಥವಾ ತೆರಿಗೆ ಇಲಾಖೆ ಖಾತೆ ಜಪ್ತಿ ಮಾಡಿದ್ದರೆ, ಜಂಟಿ ಖಾತೆಯಲ್ಲಿ ಇಬ್ಬರೂ ಸಹಿ ಮಾಡಬೇಕಿದ್ದು ಒಬ್ಬರೇ ಮಾಡಿದ್ದರೆ. ಖಾತೆದಾರರು ತೀರಿಕೊಂಡ ಸುದ್ದಿ ಬ್ಯಾಂಕಿಗೆ ಸಿಕ್ಕಿದ ಮೇಲೆ ಅವರು ಬರೆದಿಟ್ಟ ಚೆಕ್ಕೂ ನಡೆಯುವುದಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವರ ಮೊಬೈಲಿನಿಂದ ತಾವೇ ದುಡ್ಡು ಕಳಿಸಿಕೊಳ್ಳುವ ಮಕ್ಕಳಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾಮಿನಿ ಫಾರಂ ತುಂಬಿದರೆ ದಾರಿ ಸಲೀಸಾಗಿಯೇ ಇದೆ.

ತಪ್ಪು ಖಾತೆಗೆ ಹೋಗಿಬಿಟ್ಟರೆ

ಸರಸ್ವತಿಪುರದಲ್ಲಿ ನಮಗೆ ಪರಿಚಯದ ನಿವೃತ್ತ ಮೇಷ್ಟ್ರೊಬ್ಬರು ಮೊಮ್ಮಗಳ ಮದುವೆಯ ಅಡುಗೆಯವರಿಗೆ ಕಳಿಸಬೇಕಿದ್ದ 40,000 ರೂಪಾಯಿಯನ್ನು ಎರಡು ಅಂಕಿ ಹಿಂದೆ ಮುಂದೆ ಮಾಡಿ ಯಾರಿಗೋ ಕಳಿಸಿಬಿಟ್ಟರು. ತಪ್ಪು ಅವರದೇ. ಆದರೂ ಬ್ಯಾಂಕಿಗೆ ಕೆಲಸ ಇಲ್ಲ ಅಂತಲ್ಲ. ನೀವು ದೂರು ಕೊಟ್ಟ ಕೂಡಲೇ ನಿಮ್ಮ ಬ್ಯಾಂಕು ಆ ಕಡೆಯ ಬ್ಯಾಂಕಿಗೆ ತಿಳಿಸಬೇಕು, ಅವರು ಆ ಖಾತೆದಾರರನ್ನು ಕೇಳಬೇಕು. ಆದರೆ ಅವರ ಒಪ್ಪಿಗೆ ಇಲ್ಲದೆ ಅವರ ಖಾತೆಯಿಂದ ಕಿತ್ತುಕೊಡಲು ಬ್ಯಾಂಕಿಗೆ ಅಧಿಕಾರ ಇಲ್ಲ. ಅವರ ವಿಳಾಸ, ಫೋನ್ ನಂಬರನ್ನು ನಿಮಗೆ ಕೊಡುವುದೂ ಇಲ್ಲ. ಗ್ರಾಹಕರ ಗುಟ್ಟು ಕಾಯುವುದು ಬ್ಯಾಂಕಿನ ಕರ್ತವ್ಯ. ಅದಕ್ಕಾಗಿ ಮ್ಯಾನೇಜರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ.

ದುಡ್ಡು ಬಂದವರು "ನನ್ನ ಖಾತೆಗೆ ಬಂದಿದೆ, ನನ್ನದು" ಅನ್ನುವ ಹಾಗಿಲ್ಲ. 1872ರ ಇಂಡಿಯನ್ ಕಾಂಟ್ರಾಕ್ಟ್ ಕಾಯ್ದೆಯ 72ನೇ ಸೆಕ್ಷನ್ ಪ್ರಕಾರ ತಪ್ಪಿನಿಂದ ಬಂದ ದುಡ್ಡನ್ನು ವಾಪಸ್ ಕೊಡಲೇಬೇಕು. ಮೇಷ್ಟ್ರ ಪತ್ರದಲ್ಲಿ ಈ ಸೆಕ್ಷನ್ನಿನ ಮಾತನ್ನು ಒಂದು ಸಾಲಿನಲ್ಲಿ ಬರೆಸಿ, ಇದನ್ನು ಆ ಖಾತೆದಾರರಿಗೆ ತಿಳಿಸಿ ಅಂತ ಕೇಳಿಕೊಂಡೆವು. 18ನೇ ದಿನ ದುಡ್ಡು ವಾಪಸ್ ಬಂತು. ಒಪ್ಪದಿದ್ದರೆ ಕೋರ್ಟೇ ಗತಿಯಾಗುತ್ತಿತ್ತು. ಹೊಸಬರಿಗೆ ದೊಡ್ಡ ಮೊತ್ತ ಕಳಿಸುವಾಗ ಮೊದಲು 10 ರೂಪಾಯಿ ಕಳಿಸಿ, ಬಂತಾ ಅಂತ ಫೋನಿನಲ್ಲಿ ಕೇಳಿ, ಆಮೇಲೆ ಉಳಿದದ್ದು ಕಳಿಸಿ.

ಕಳ್ಳರು ಎಗರಿಸಿದರೆ

ಇಲ್ಲಿ ಒಂದೊಂದು ನಿಮಿಷಕ್ಕೂ ಬೆಲೆ ಇದೆ. ಸ್ವಲ್ಪ ನಿಧಾನವಾಗಿ ಓದಿ.

2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊಣೆಯನ್ನು ಹೀಗೆ ಹಂಚುತ್ತದೆ. ಬ್ಯಾಂಕಿನ ಕಡೆಯಿಂದ ತಪ್ಪಾಗಿದ್ದರೆ ನೀವು ದೂರು ಕೊಟ್ಟರೂ ಕೊಡದಿದ್ದರೂ ನಷ್ಟ ಬ್ಯಾಂಕಿನದು. ತಪ್ಪು ಬ್ಯಾಂಕಿನದೂ ಅಲ್ಲ, ನಿಮ್ಮದೂ ಅಲ್ಲ, ನಡುವೆ ಎಲ್ಲೋ ಆಗಿದೆ ಅಂದರೆ, ಮೆಸೇಜ್ ಬಂದ ದಿನ ಬಿಟ್ಟು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಿಮಗೆ ಒಂದು ಪೈಸೆಯೂ ನಷ್ಟವಿಲ್ಲ. ನಾಲ್ಕರಿಂದ ಏಳು ಕೆಲಸದ ದಿನದೊಳಗೆ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆಗೆ ಗರಿಷ್ಠ 10,000 ರೂಪಾಯಿ, ಜನಧನ್‌ನಂಥ ಮೂಲ ಉಳಿತಾಯ ಖಾತೆಗೆ 5,000 ರೂಪಾಯಿ ನಿಮ್ಮ ಪಾಲಿಗೆ. ಏಳು ದಿನ ದಾಟಿದರೆ ಆ ಬ್ಯಾಂಕಿನ ನೀತಿ ಏನಿದೆಯೋ ಅದು. ತಿಳಿಸಿದ 10 ಕೆಲಸದ ದಿನದಲ್ಲಿ ಆ ಮೊತ್ತವನ್ನು ಬ್ಯಾಂಕು ನಿಮ್ಮ ಖಾತೆಗೆ ತಾತ್ಕಾಲಿಕವಾಗಿ ತುಂಬಬೇಕು, 90 ದಿನದಲ್ಲಿ ದೂರು ಮುಗಿಸಬೇಕು. ತಪ್ಪು ಗ್ರಾಹಕರದು ಅಂತ ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ. ನಿಮ್ಮ ತಪ್ಪಿಲ್ಲ ಅಂತ ನೀವು ಸಾಬೀತು ಮಾಡಬೇಕಿಲ್ಲ.

ನೀವೇ ಒಟಿಪಿ, ಪಿನ್ ಹೇಳಿಬಿಟ್ಟಿದ್ದರೆ? ಆಗ ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದು. ಈ ಎರಡನೇ ವಾಕ್ಯ ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ಬೀದಿಯ ಒಬ್ಬ ಅಮ್ಮನಿಗೆ "ಕರೆಂಟ್ ಬಿಲ್ ಕಟ್ಟಿಲ್ಲ, ಇವತ್ತು ರಾತ್ರಿ ಲೈನ್ ತೆಗೀತೀವಿ" ಅಂತ ಫೋನ್ ಬಂತು. ಗಾಬರಿಯಲ್ಲಿ ಒಟಿಪಿ ಹೇಳಿಬಿಟ್ಟರು. 4.10ಕ್ಕೆ 25,000 ಹೋಯಿತು. ಅಳುತ್ತಾ ನಮ್ಮ ಮನೆಗೆ ಬಂದರು. ಅವರನ್ನು ಕೂರಿಸಿ, ನೀರು ಕೊಟ್ಟು, ಮೊದಲು ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿಸಿದೆ. ದೂರಿನ ನಂಬರು ಸಿಕ್ಕಿದಾಗ ಗಡಿಯಾರ 4.25 ತೋರಿಸುತ್ತಿತ್ತು. ಅದನ್ನು ಹಾಲಿನ ಲೆಕ್ಕದ ಚೀಟಿಯ ಹಿಂದೆಯೇ ಬರೆದೆ. ಆಮೇಲೆ 1930ಕ್ಕೆ ಮಾಡಿದೆವು. ಅದು ಸೈಬರ್ ವಂಚನೆಯ ಸಹಾಯವಾಣಿ, ದುಡ್ಡು ಹೋದ ಖಾತೆಯನ್ನು ತಡೆಯಲು ಅಲ್ಲಿಂದಲೇ ಪ್ರಯತ್ನ ಶುರುವಾಗುತ್ತದೆ. 4.40ಕ್ಕೆ ಇನ್ನೂ 25,000 ಹೋದ ಮೆಸೇಜ್ ಬಂತು. ಆ ಎರಡನೇ ಮೊತ್ತ ಬ್ಯಾಂಕಿನ ಹೊಣೆ. ಮೊದಲು "ನೀವೇ ಒಟಿಪಿ ಕೊಟ್ಟಿದ್ದೀರಲ್ಲ" ಅಂದರು. ಹಾಲಿನ ಚೀಟಿಯ ಹಿಂದಿನ 4.25 ಮತ್ತು ದೂರಿನ ನಂಬರು ತೋರಿಸಿದ ಮೇಲೆ ಎರಡನೇ 25,000 ವಾಪಸ್ ಬಂತು. ಮೊದಲನೆಯದು ಬರಲಿಲ್ಲ. ಆ ಅಮ್ಮ ಅದನ್ನು ಒಂದೊಂದು ರೂಪಾಯಿಯಾಗಿ ಕೂಡಿಟ್ಟಿದ್ದರು. ಅದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ.

ನಿಮ್ಮ ಬ್ಯಾಂಕಿನ ಸಹಾಯವಾಣಿ ನಂಬರನ್ನು ಈಗಲೇ, ಇವತ್ತೇ, ಫೋನಿನಲ್ಲಿ ಸೇವ್ ಮಾಡಿಕೊಳ್ಳಿ. ದುಡ್ಡು ಹೋದ ಮೇಲೆ ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಕಳ್ಳರೇ ಹಾಕಿದ ನಂಬರು ಸಿಗುವ ಅಪಾಯ ಇದೆ.

ಪತ್ರ ಬರೆಯುವುದು

ನಾನು ಬ್ಯಾಂಕಿನ ಒಳಗಿದ್ದು ಕಂಡ ಸತ್ಯ ಒಂದಿದೆ. ಬಾಯಲ್ಲಿ ಹೇಳಿದ್ದು ಕೌಂಟರಿನಲ್ಲೇ ಉಳಿಯುತ್ತದೆ. ಕಾಗದದಲ್ಲಿ ಬಂದದ್ದಕ್ಕೆ ಇನ್‌ವರ್ಡ್ ನಂಬರು ಬೀಳುತ್ತದೆ, ಮ್ಯಾನೇಜರ್ ಮೇಜಿಗೆ ಹೋಗುತ್ತದೆ, ಯಾರಾದರೊಬ್ಬರು ಉತ್ತರ ಬರೆಯಲೇಬೇಕಾಗುತ್ತದೆ. ಅವತ್ತು ಅಳಿಯನನ್ನು ಊಟದ ಮೇಜಿನ ಮುಂದೆ ಕೂರಿಸಿ ನಾನು ಬರೆಸಿದ್ದು ಇಷ್ಟು:

"ಮಾನ್ಯರೇ, ದಿನಾಂಕ 5-1-2024ರಂದು ಬೆಳಗ್ಗೆ 11.20ಕ್ಕೆ ನನ್ನ ಖಾತೆಗೆ ನೆಫ್ಟ್ ಮೂಲಕ 1,46,000 ರೂಪಾಯಿ ಕಳಿಸಲಾಗಿದೆ. ಯುಟಿಆರ್ ಸಂಖ್ಯೆ ಮತ್ತು ಕಳಿಸಿದವರ ಖಾತೆಯ ಸ್ಟೇಟ್‌ಮೆಂಟ್ ಲಗತ್ತಿಸಿದ್ದೇನೆ. ಈ ತನಕ ಹಣ ಜಮೆಯಾಗಿಲ್ಲ, ವಾಪಸ್ ಸಹ ಹೋಗಿಲ್ಲ. ಬ್ಯಾಚ್ ಇತ್ಯರ್ಥವಾದ ಎರಡು ಗಂಟೆಯೊಳಗೆ ಜಮೆ ಅಥವಾ ವಾಪಸ್ ಮಾಡಬೇಕೆಂಬುದು ನೆಫ್ಟ್ ನಿಯಮ. ಕೂಡಲೇ ಜಮೆ ಮಾಡಿ, ತಡವಾದ ದಿನಗಳಿಗೆ ರೆಪೊ ದರದ ಮೇಲೆ ಶೇಕಡಾ 2ರಂತೆ ಬಡ್ಡಿ ಕೊಡಬೇಕು. ತಡವಾದ ಕಾರಣವನ್ನು ಬರಹದಲ್ಲಿ ತಿಳಿಸಬೇಕು."

ಬೈಗುಳ ಬೇಡ, ಉದ್ದ ಕತೆ ಬೇಡ. ತಾರೀಖು, ಸಮಯ, ಮೊತ್ತ, ಯುಟಿಆರ್, ನಿಯಮ, ನಿಮಗೆ ಬೇಕಾದ್ದು. ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಸೀಲು ಹಾಕಲು ಹಿಂದೆ ಮುಂದೆ ನೋಡಿದರೆ ಜಗಳ ಬೇಡ, ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಕನ್ನಡದಲ್ಲೇ ಬರೆಯಿರಿ. ಕಳಿಸಿದವರೂ ತಮ್ಮ ಬ್ಯಾಂಕಿಗೆ ಇಂಥದ್ದೇ ಒಂದು ಪತ್ರ ಕೊಟ್ಟರೆ ಎರಡೂ ಕಡೆಯಿಂದ ಒತ್ತಡ ಬರುತ್ತದೆ. ಪ್ರತಿ ಬ್ಯಾಂಕಿನಲ್ಲೂ ನೆಫ್ಟ್ ದೂರುಗಳಿಗೆಂದೇ ಒಂದು ಗ್ರಾಹಕ ನೆರವು ಕೇಂದ್ರ ಇರುತ್ತದೆ. ಅದರ ಫೋನು, ಇಮೇಲು ಆ ಬ್ಯಾಂಕಿನ ವೆಬ್‌ಸೈಟಿನಲ್ಲಿ ಸಿಗುತ್ತದೆ.

30 ದಿನ ಕಳೆದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸರಿ ಅನ್ನಿಸದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು. 2021ರ ನವೆಂಬರ್ 12ರಿಂದ ಇಡೀ ದೇಶಕ್ಕೆ ಒಂದೇ ವ್ಯವಸ್ಥೆ ಇದೆ. ರಿಸರ್ವ್ ಬ್ಯಾಂಕಿನ ಸಿಎಂಎಸ್ ಅನ್ನುವ ದೂರಿನ ವೆಬ್‌ಸೈಟಿನಲ್ಲಿ ಹಾಕಬಹುದು, ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು. ಖರ್ಚಿಲ್ಲ, ವಕೀಲರು ಬೇಕಿಲ್ಲ. ಆದರೆ ಮೊದಲು ಬ್ಯಾಂಕಿಗೆ ಬರೆದುಕೊಟ್ಟಿರಬೇಕು. ಆ ಸೀಲ್ ಬಿದ್ದ ಪ್ರತಿ ಇಲ್ಲದೆ ಹೋದರೆ ಅಲ್ಲಿಂದಲೂ ವಾಪಸ್ ಕಳಿಸುತ್ತಾರೆ. ಊರಿನ ಕೃಷಿ ಪತ್ತಿನ ಸೊಸೈಟಿ ಬ್ಯಾಂಕಲ್ಲ. ಅದರ ಮೇಲಿನ ದೂರು ಸಹಕಾರ ಇಲಾಖೆಗೆ ಹೋಗಬೇಕು.

ಇನ್ನೊಂದು ಬಾಗಿಲು ಜಿಲ್ಲಾ ಗ್ರಾಹಕರ ಆಯೋಗ. ಮೈಸೂರಿನಲ್ಲೂ ಇದೆ, ಮಂಡ್ಯದಲ್ಲೂ ಇದೆ. ತೊಂದರೆಯಾದ ಎರಡು ವರ್ಷದೊಳಗೆ ಹೋಗಬೇಕು. ನಿಮ್ಮ ಪರವಾಗಿ ನೀವೇ ಮಾತಾಡಬಹುದು.

ಅಳಿಯ ಬುಧವಾರ, 10ನೇ ತಾರೀಖು ಬೆಳಗ್ಗೆ ಪತ್ರ ಕೊಟ್ಟ. ವ್ಯಾಪಾರಿಯೂ ಮಂಡ್ಯದಲ್ಲಿ ತಮ್ಮ ಬ್ಯಾಂಕಿಗೆ ಕೊಟ್ಟರು. ಶುಕ್ರವಾರ 12ಕ್ಕೆ ದುಡ್ಡು ಜಮೆಯಾಯಿತು. ಸಂಜೆಯೇ ಬಟವಾಡೆ ಮಾಡಿದ. ಕಾರಣ ಕೇಳಿದರೆ, ವ್ಯಾಪಾರಿ ಆಲೆಮನೆಯ ಹೆಸರು ಹಾಕಿ ಕಳಿಸಿದ್ದರು, ಖಾತೆ ಇದ್ದದ್ದು ಹುಡುಗನ ಸ್ವಂತ ಹೆಸರಲ್ಲಿ. ಸಣ್ಣ ಬ್ಯಾಂಕು, ಒಂದೊಂದನ್ನೂ ಕೈಯಾರೆ ನೋಡಿ ಹಾಕುತ್ತಿದ್ದರು. ಹೆಸರು ಹೊಂದಲಿಲ್ಲ ಅಂತ ಪಕ್ಕಕ್ಕಿಟ್ಟು ಮರೆತಿದ್ದರು. ಹೆಸರಿನ ಬಗ್ಗೆ ಅನುಮಾನ ಬಂದದ್ದು ತಪ್ಪಲ್ಲ. ಎರಡು ಗಂಟೆಯಲ್ಲಿ ವಾಪಸ್ ಕಳಿಸದೆ ಇಟ್ಟುಕೊಂಡದ್ದು ತಪ್ಪು.

ಬಡ್ಡಿ ಮಾತ್ರ ಬಂದಿರಲಿಲ್ಲ. ಆಗ ರೆಪೊ ದರ 6.5, ಅದಕ್ಕೆ 2 ಸೇರಿಸಿದರೆ ಎಂಟೂವರೆ. 1,46,000ಕ್ಕೆ ದಿನಕ್ಕೆ ಸರಿಯಾಗಿ 34 ರೂಪಾಯಿ. ಏಳು ದಿನಕ್ಕೆ 238. "ಬಿಡತ್ತೆ, ಇಷ್ಟಕ್ಕೆ ಇನ್ನೊಂದು ಸಲ ಹೋಗಬೇಕಾ" ಅಂದ. ಹೋಗಬೇಕು ಅಂದೆ. ಅದು ಅವನ ದುಡ್ಡು. ಹಬ್ಬ ಮುಗಿದ ಮೇಲೆ 18ಕ್ಕೆ ಲೆಕ್ಕ ಬರೆದು ಎರಡನೇ ಪತ್ರ ಕೊಟ್ಟ. ತಿಂಗಳ ಕೊನೆಗೆ ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ 238 ರೂಪಾಯಿ ಜಮೆಯಾದ ಸಾಲು ಇತ್ತು. ಅದರ ಫೋಟೋ ತೆಗೆದು ನನಗೆ ಕಳಿಸಿದ.

ಈಗ ಅವನ ಆಲೆಮನೆಯಲ್ಲಿ, ಹೊಗೆ ತಾಗದ ಕಡೆಯ ಗೋಡೆಯ ಮೇಲೆ, ಕ್ಯಾಲೆಂಡರಿನ ಪಕ್ಕದಲ್ಲಿ ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸು ಅಂಟಿಸಿದ್ದಾನೆ. ಖಾತೆ ಯಾರ ಹೆಸರಲ್ಲಿದೆ, ಸಂಖ್ಯೆ ಏನು, ಕೋಡು ಏನು ಅಂತ ದಪ್ಪ ಅಕ್ಷರದಲ್ಲಿ ಕೆಳಗೆ ಬರೆಸಿದ್ದಾನೆ. ಬೆಲ್ಲ ತುಂಬಿಸಿಕೊಳ್ಳಲು ಬಂದ ವ್ಯಾಪಾರಿಗಳು ಅದರ ಫೋಟೋ ತೆಗೆದುಕೊಂಡು ಹೋಗುತ್ತಾರೆ.